ಮೀನು ತೊಳೆದ ನೀರು ಕುಡಿದ ಮಲ್ಲಿಗೆ

ನನ್ನ ಬಾಲ್ಕನಿಯ ಹೂಗಳು ಎರಡು ವರ್ಷ ಮೇಲಿನ ಮನೆಯ ದೇವರಿಗೆ ಆಗುತ್ತಿದ್ದವು. ಒಂದು ಬೆಳಿಗ್ಗೆಯಿಂದ ಆಗದೆ ಹೋದವು. ಗಿಡ ಬದಲಾಗಿರಲಿಲ್ಲ, ಚಟ್ಟಿ ಬದಲಾಗಿರಲಿಲ್ಲ, ಪರಿಮಳವೂ ಹಿಂದಿನದ್ದೇ. ಗಿಡಕ್ಕೆ ಎಂತ ಹಾಕುತ್ತೀರಿ ಎಂದು ಮೇಲಿನ ಮನೆಯ ಅಕ್ಕ ಕೇಳಿದರು, ನಾನು ಇದ್ದದ್ದನ್ನು ಹೇಳಿದೆ, ಅಷ್ಟೇ. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಮನೆ ಇರುವುದು ಮಣ್ಣಗುಡ್ಡದ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಾಳಿಗೆಯಲ್ಲಿ. ಬಾಲ್ಕನಿ ಎಂದರೆ ಇಬ್ಬರು ಎದುರುಬದುರು ಕುರ್ಚಿ ಹಾಕಿ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ಒಂದು ಮೂಲೆಯನ್ನು ವಾಷಿಂಗ್ ಮೆಷಿನ್ ಹಿಡಿದುಕೊಂಡಿದೆ, ತಲೆಯ ಮೇಲೆ ಬಟ್ಟೆ ಒಣಗಿಸುವ ಹಗ್ಗ. ಉಳಿದ ಜಾಗವೆಲ್ಲ ಗಿಡಗಳದ್ದು. ನನ್ನ ಗಂಡ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಹೋಗುವವರು. ಅಲ್ಲಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ಯಿಸಿ ತಂದರು. ಗ್ಯಾಸಿನ ಒಲೆಯಲ್ಲಿ ಕಬ್ಬಿಣದ ಸರಳು ಕಾಯಿಸಿ ಅದರ ಬುಡಕ್ಕೆ ತೂತು ಮಾಡಿಕೊಟ್ಟರು. ಆ ಎರಡು ಅರ್ಧಗಳಲ್ಲಿ ಎರಡು ಮಲ್ಲಿಗೆ ಬುಡಗಳು. ಮೀನು ಮಾರ್ಕೆಟಿನಲ್ಲಿ ಐಸು ತುಂಬಿಸುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅಬ್ಬಲಿಗೆ. ಮಣ್ಣಿನ ಚಟ್ಟಿಗಳಲ್ಲಿ ಕೆಂಪು ದಾಸವಾಳ ಮತ್ತು ಒಂದು ಕೇಪುಳ.

ಚಟ್ಟಿಯ ಗಿಡವೆಂದರೆ ನೆಲದ ಗಿಡವಲ್ಲ. ನೆಲದ ಗಿಡ ತನಗೆ ಬೇಕಾದ್ದನ್ನು ಬೇರು ಚಾಚಿ ಹುಡುಕಿಕೊಳ್ಳುತ್ತದೆ. ಚಟ್ಟಿಯದ್ದು ನಾವು ಕೊಟ್ಟದ್ದನ್ನು ಮಾತ್ರ ತಿನ್ನಬೇಕು. ನಮ್ಮ ಬಾಲ್ಕನಿ ಪಡುವಣಕ್ಕೆ ತೆರೆದಿರುವುದರಿಂದ ಮಧ್ಯಾಹ್ನದ ಮೇಲೆ ಬಿಸಿಲು ಸುರಿಯುತ್ತದೆ, ಕಡಲಿನ ಗಾಳಿಯೂ ಬರುತ್ತದೆ. ಮಳೆಗಾಲದಲ್ಲಿ ಎರಚಲು ಹೊಡೆದು ಮಣ್ಣು ಕೆಸರಾಗುತ್ತದೆ. ಆಗ ಚಟ್ಟಿಗಳನ್ನೆಲ್ಲ ಗೋಡೆಗೆ ಒತ್ತಿಸಿ, ಅಡಿಗೆ ಹಂಚಿನ ತುಂಡು ಕೊಟ್ಟು ಎತ್ತರಿಸಬೇಕು. ದಾಸವಾಳದ ಚಿಗುರಿಗೆ ಬಿಳಿ ಹಿಟ್ಟಿನಂಥ ಹುಳ ಹಿಡಿಯುತ್ತದೆ. ಅದನ್ನು ಸಾಬೂನು ನೀರಿನಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್‌ನಿಂದ ಒಂದೊಂದೇ ಗೆಲ್ಲು ಹಿಡಿದು ತಿಕ್ಕುತ್ತೇನೆ. ಇದನ್ನೆಲ್ಲ ಮಾಡಲಿಕ್ಕೆ ನನಗೆ ಬೇಸರವಿಲ್ಲ.

ಮತ್ತೆ, ಮೀನಿನ ನೀರು. ನನ್ನ ತಾಯಿಯ ಮನೆಯಲ್ಲಿ ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯುವ ಕಲ್ಲಿತ್ತು. ಅದರ ನೀರು ಹರಿದು ಹೋಗುವಲ್ಲೇ ಮಲ್ಲಿಗೆ ಬಳ್ಳಿ. ಆ ಮಲ್ಲಿಗೆಯನ್ನೇ ನಮ್ಮ ಮನೆಯ ದೈವಕ್ಕೆ ಇಡುತ್ತಿದ್ದದ್ದು, ನಾವು ಮುಡಿಯುತ್ತಿದ್ದದ್ದು. ಈ ಊರಿನಲ್ಲಿ ಮೀನು ತಿನ್ನುವ ಯಾವ ಮನೆಗೆ ಹೋದರೂ ಇಷ್ಟೇ ಕಥೆ. ನನ್ನ ಕ್ರಮವೂ ಹಾಗೆಯೇ. ಬೂತಾಯಿಯನ್ನೋ ಬಂಗುಡೆಯನ್ನೋ ಕೊಯ್ದ ಮೇಲೆ ಮೊದಲು ತೊಳೆದ ನೀರನ್ನು ತೆಗೆದಿಡುತ್ತೇನೆ. ಉಪ್ಪು ಹಾಕಿ ತಿಕ್ಕಿದ ನೀರು ಆಗುವುದಿಲ್ಲ, ಬೇರು ಸುಟ್ಟುಹೋಗುತ್ತದೆ. ತೆಗೆದಿಟ್ಟದ್ದಕ್ಕೆ ಧಾರಾಳ ನೀರು ಕೂಡಿಸಿ, ಸಂಜೆ ಬಿಸಿಲು ಇಳಿದ ಮೇಲೆ ಬುಡಕ್ಕೆ ಹೊಯ್ದು, ಮೇಲಿಂದ ಒಣ ಮಣ್ಣು ಮುಚ್ಚುತ್ತೇನೆ. ಮಣ್ಣು ಮುಚ್ಚಿದರೆ ವಾಸನೆಯೂ ಇಲ್ಲ, ನೊಣವೂ ಇಲ್ಲ. ಬೋಟುಗಳು ಕಡಲಿಗೆ ಇಳಿಯದ ಮಳೆಯ ತಿಂಗಳುಗಳಲ್ಲಿ ಗಿಡಕ್ಕೂ ನಮಗೂ ಒಟ್ಟಿಗೇ ಉಪವಾಸ.

ಮೇಲಿನ ಮನೆಯ ಅಕ್ಕ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಮೀನು ಮುಟ್ಟದ, ಈರುಳ್ಳಿಯನ್ನೂ ವಾರ ತಿಥಿ ನೋಡಿ ತಿನ್ನುವ ಮನೆ. ಅವರ ಬಾಲ್ಕನಿಗೆ ಗ್ರಿಲ್ಲು ಹಾಕಿ, ಗಾಜು ಕೂರಿಸಿ, ಒಳಗೆ ಮಂಚ ಹಾಕಿಬಿಟ್ಟಿದ್ದಾರೆ. ಹಾಗಾಗಿ ಗಿಡಕ್ಕೆ ಜಾಗವಿಲ್ಲ. ಒಂದು ದಿನ ಕೆಳಗೆ ಬಗ್ಗಿ ನೋಡಿ, ದೇವರಿಗೆ ನಾಲ್ಕು ಹೂ ಸಿಗಬಹುದೇ ಎಂದು ಕೇಳಿದರು. ಮರುದಿನದಿಂದ ಬೆಳಿಗ್ಗೆ ಒಂದು ಸಣ್ಣ ಪ್ಲಾಸ್ಟಿಕ್ ಬುಟ್ಟಿ ಹಗ್ಗದಲ್ಲಿ ತೂಗುತ್ತಾ ನಮ್ಮ ಬಾಲ್ಕನಿಗೆ ಇಳಿಯತೊಡಗಿತು. ನಾನು ಮಿಂದು ಬಂದೇ ಕೊಯ್ಯುತ್ತಿದ್ದೆ. ಹಾಗೆ ಮಾಡಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಮ್ಮೆ ನನ್ನ ಒಣ ತಲೆಯನ್ನು ನೋಡಿದ ರೀತಿ ನನಗೆ ಅರ್ಥವಾಗಿತ್ತು. ದೇವರಿಗಲ್ಲವೇ ಎಂದು ನಾನೂ ಸುಮ್ಮನಿದ್ದೆ. ಮಲ್ಲಿಗೆ ಮೊಗ್ಗು ಕಡಿಮೆ ಇದ್ದ ದಿನಗಳಲ್ಲಿ ನಾನು ಮುಡಿಯದೆ ಬುಟ್ಟಿಗೆ ಹಾಕಿದ್ದುಂಟು. ಹಬ್ಬದ ದಿನ ಅದೇ ಬುಟ್ಟಿಯಲ್ಲಿ ಪಂಚಕಜ್ಜಾಯ ಇಳಿದು ಬರುತ್ತಿತ್ತು, ಅದನ್ನೂ ಹೇಳಬೇಕು.

ಆ ಬೆಳಿಗ್ಗೆ ಮಲ್ಲಿಗೆ ಹೇಗೆ ಬಂದಿತ್ತೆಂದರೆ, ಎಲೆ ಕಾಣದ ಹಾಗೆ ಮೊಗ್ಗು. ಅಕ್ಕ ಗ್ರಿಲ್ಲಿನ ಕಿಟಕಿಯಿಂದ ಮುಖ ಹೊರಗೆ ಹಾಕಿ ಮೆಚ್ಚಿಕೊಂಡರು.

"ಎಂತ ಹಾಕುವುದು ಮಾರಾಯ್ರೆ ನೀವು? ನನ್ನ ತಂಗಿಯ ಮನೆಯಲ್ಲಿ ಇಷ್ಟು ದೊಡ್ಡ ಅಂಗಳ ಉಂಟು, ಒಂದು ಮೊಗ್ಗಿಲ್ಲ."

ಹೊಗಳಿದರೆ ಯಾರಿಗೆ ಬೇಡ? ನಾನು ಬುಟ್ಟಿ ತುಂಬಿಸುತ್ತಾ ಖುಷಿಯಲ್ಲೇ ಹೇಳಿದೆ. "ಎಂತದೂ ಇಲ್ಲ ಅಕ್ಕ, ಬೂತಾಯಿ ತೊಳೆದ ನೀರು."

ಮೇಲೆ ಹೋಗುತ್ತಿದ್ದ ಬುಟ್ಟಿ ಅರ್ಧದಲ್ಲಿ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ತಿರುಗಿತು. ಕೊನೆಗೆ ಮೇಲೆ ಹೋಯಿತೇನೋ ಹೌದು, ಆದರೆ ಮಧ್ಯಾಹ್ನ ಬಟ್ಟೆ ತೆಗೆಯಲು ಹೋದಾಗ ಕೆಳಗಿನ ಪಾರ್ಕಿಂಗಿನ ಕಸದ ಡಬ್ಬಿಯ ಮೇಲೆ ನನ್ನ ಮಲ್ಲಿಗೆ, ದಾಸವಾಳ ಎಲ್ಲ ಬಿದ್ದದ್ದು ಕಂಡಿತು. ದೇವರಿಗೆ ಬೇಡವಾದರೆ ಬೇಡ, ಮೊಗ್ಗನ್ನು ಹಿಂದೆ ಇಳಿಸಿದ್ದರೆ ನಾನು ಮುಡಿಯುತ್ತಿರಲಿಲ್ಲವೇ? ಕೊಯ್ದ ಮಲ್ಲಿಗೆಯನ್ನು ಕಸಕ್ಕೆ ಹಾಕುವವರನ್ನು ನಾನು ಅಂದೇ ನೋಡಿದ್ದು.

ಮರುದಿನದಿಂದ ಬುಟ್ಟಿ ಬರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನೂ ನುಂಗಿಕೊಂಡಿರುತ್ತಿದ್ದೆ. ಅವರವರ ಕ್ರಮ ಅವರವರಿಗೆ. ಆದರೆ ವಾರದೊಳಗೆ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಅಸೋಸಿಯೇಶನ್ನಿನ ಸೆಕ್ರೆಟರಿಯ ಮೆಸೇಜು ಬಂತು. ಎರಡನೇ ಮಾಳಿಗೆಯ ಒಂದು ಬಾಲ್ಕನಿಯಿಂದ ದುರ್ವಾಸನೆ ಬರುತ್ತಿದೆ, ಕಾಗೆಗಳ ಉಪದ್ರವವಾಗಿದೆ ಎಂದು ದೂರು ಬಂದಿದೆ. ಚಟ್ಟಿಗಳನ್ನು ತೆಗೆಸುವ ವಿಷಯವನ್ನು ಭಾನುವಾರದ ಮೀಟಿಂಗಿನಲ್ಲಿ ಮಾತಾಡಲಾಗುವುದು.

ದುರ್ವಾಸನೆಯಂತೆ. ಈ ಸೆಕ್ರೆಟರಿ ಇರುವುದು ಮೊದಲನೇ ಮಾಳಿಗೆಯಲ್ಲಿ, ನಮ್ಮ ಸರಿ ಕೆಳಗೆ. ಅವರ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ತಿರುಗುವುದು ನನ್ನ ಬಾಲ್ಕನಿಯ ಕಡೆಗೆ. ಅವರ ಮನೆಯಲ್ಲಿ ಯಾವ ದಿನ ಬಂಗುಡೆ ಪುಳಿಮುಂಚಿ, ಯಾವ ದಿನ ಕಾಣೆ ಫ್ರೈ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ನನ್ನ ಒಣಗಿಸಿದ ಸೀರೆಗೆ ಅವರ ಮಸಾಲೆಯ ವಾಸನೆ ಎಷ್ಟು ಸಲ ಹಿಡಿದಿಲ್ಲ! ಒಂದು ದಿನವೂ ನಾನು ದೂರು ಕೊಟ್ಟದ್ದಿಲ್ಲ. ಈ ಬಿಲ್ಡಿಂಗಿನಲ್ಲಿ ಮುಕ್ಕಾಲು ಪಾಲು ಮನೆಗಳಿಗೆ ಬೆಳಿಗ್ಗೆ ಮೀನಿನವಳು ಬುಟ್ಟಿ ಇಳಿಸುತ್ತಾಳೆ. ಆ ಮೆಸೇಜಿನ ಕೆಳಗೆ ಅವರೆಲ್ಲ ಹೆಬ್ಬೆರಳು ಒತ್ತಿದ್ದರು.

ಸಂಜೆ ಗಂಡ ಕೆಲಸದಿಂದ ಬಂದಾಗ ಫೋನನ್ನು ಅವರ ಮುಖದ ಎದುರು ಹಿಡಿದೆ. ಅವರು ಓದಿ, ಚಾ ಕುಡಿದು, ಇದಕ್ಕೆಲ್ಲ ತಲೆ ಬಿಸಿ ಮಾಡಬಾರದು ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವರು ಹೇಳಿದ್ದರ ಸಾರ ಇಷ್ಟು: ಇನ್ನು ಮೀನಿನ ನೀರು ಹಾಕುವುದಿಲ್ಲ ಎಂದು ಮೀಟಿಂಗಿನಲ್ಲಿ ಹೇಳಿಬಿಡು, ಆಮೇಲೆ ಹಾಕು, ಯಾರು ಬಂದು ಮಣ್ಣು ಮೂಸಿ ನೋಡುತ್ತಾರೆ? ಅವರ ಮಟ್ಟಿಗೆ ಅದು ಗಿಡ ಉಳಿಸುವ ಉಪಾಯ. ನನಗೆ ಮಾತ್ರ ಅದು ಹಿಡಿಸಲಿಲ್ಲ. ನಾನು ಯಾರ ಮನೆಯಿಂದ ಎಂತ ಕದ್ದಿದ್ದೇನೆ, ಸುಳ್ಳು ಹೇಳಿ ತಪ್ಪಿಸಿಕೊಳ್ಳಲಿಕ್ಕೆ?

ಮೀಟಿಂಗಿನ ಹಿಂದಿನ ದಿನ ಅಕ್ಕ ಲಿಫ್ಟಿನಲ್ಲಿ ಸಿಕ್ಕಿದರು. ಕೈಯಲ್ಲಿ ಬಾಳೆಲೆಯ ಕಟ್ಟು, ಅದರೊಳಗೆ ಪೇಟೆಯ ಮಲ್ಲಿಗೆ. ನನ್ನನ್ನು ನೋಡಿ ಅದನ್ನು ಸೆರಗಿನ ಕಡೆಗೆ ಸರಿಸಿಕೊಂಡರು. ಲಿಫ್ಟು ನಿಂತ ಮೇಲೆ ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದರು.

"ನೀವು ಹಾಕುವುದಿಲ್ಲ ಅಂತ ಒಂದು ಮಾತು ಹೇಳಿ ಸಾಕು. ನಾನು ಮತ್ತೆ ಕೇಳುವುದಿಲ್ಲ. ಮೊದಲಿನ ಹಾಗೆ ತೆಗೆದುಕೊಳ್ತೇನೆ."

ಇದು ನನ್ನನ್ನು ಕಸದ ಡಬ್ಬಿಗಿಂತ ಹೆಚ್ಚು ಉರಿಸಿತು. ಅವರಿಗೆ ನೀರು ಬದಲಾಗಬೇಕಾಗಿರಲಿಲ್ಲ, ನನ್ನ ಬಾಯಿ ಬದಲಾದರೆ ಸಾಕಿತ್ತು. ಸುಳ್ಳಿನ ಪಾಪ ಎರಡನೇ ಮಾಳಿಗೆಯಲ್ಲಿ ಇರಬೇಕು, ಹೂ ಮಾತ್ರ ಮೂರನೇ ಮಾಳಿಗೆಗೆ ಹೋಗಬೇಕು. ನಾನು ನನ್ನ ಚೀಲ ಹಿಡಿದು ಇಳಿದೆ.

ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಪಂಪಿನ ರಿಪೇರಿ, ಲಿಫ್ಟಿನ ಬ್ಯಾಟರಿ ಎಲ್ಲ ಮಾತಾಡಿ ಮುಗಿಸಿ, ಸೆಕ್ರೆಟರಿ ಗಂಟಲು ಸರಿ ಮಾಡಿಕೊಂಡು ನನ್ನ ವಿಷಯಕ್ಕೆ ಬಂದರು. ವಾಸನೆ, ಕಾಗೆ, ಆರೋಗ್ಯ, ಬಿಲ್ಡಿಂಗಿನ ಮರ್ಯಾದೆ ಎಂದೆಲ್ಲ ಹೇಳಿದರು. ಕೊನೆಗೆ, ಮೇಡಮ್ ಇನ್ನು ಮೀನಿನ ನೀರು ಹಾಕುವುದಿಲ್ಲ ಎಂದು ಒಪ್ಪಿಕೊಂಡರೆ ಚಟ್ಟಿಗಳು ಅಲ್ಲೇ ಇರಲಿ, ಇಲ್ಲದಿದ್ದರೆ ತಿಂಗಳೊಳಗೆ ತೆಗೆಯಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಪಕ್ಕದಲ್ಲಿದ್ದ ಗಂಡ ಮೊಣಕೈಯಿಂದ ಮೆಲ್ಲಗೆ ತಿವಿದರು. ನನ್ನ ಎರಡು ಮಲ್ಲಿಗೆ ಬುಡಗಳೂ ಆ ಒಂದು ಮಾತಿನ ಮೇಲೆ ನಿಂತಿದ್ದವು. ಬೇರಿಳಿಸಿದ ಮಲ್ಲಿಗೆಯನ್ನು ಕಿತ್ತು ಇನ್ನೊಂದು ಕಡೆ ನೆಟ್ಟರೆ ಬದುಕುವ ಭರವಸೆ ಇರುವುದಿಲ್ಲ.

"ಹಾಕ್ತೇನೆ," ಎಂದೆ. "ನಾಳೆಯೂ ಹಾಕ್ತೇನೆ. ವಾಸನೆ ಯಾರಿಗೆ ಬಂದದ್ದು, ಅವರು ಹೇಳಲಿ."

ಮೀನು ತಿನ್ನುವ ಮನೆಗಳವರು ಒಬ್ಬೊಬ್ಬರೂ ಚಪ್ಪಲಿಯ ಉಂಗುಷ್ಟ ನೋಡುತ್ತಾ ಕೂತಿದ್ದರು. ಅವರಲ್ಲಿ ಒಬ್ಬರಾದರೂ, ಹೌದಲ್ಲ, ನಮ್ಮ ತಾಯಿಯೂ ಹಾಕುತ್ತಿದ್ದರು ಎನ್ನಬಹುದೆಂದು ನಾನು ಕಾದೆ. ಮೇಲಿನ ಮನೆಯ ಅಕ್ಕನ ಮೇಲಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇವರ ಕಡೆಗೆ ತಿರುಗಿತು. ಅಕ್ಕನಿಗಾದರೂ ಅವರ ಕ್ರಮ ಎಂಬುದೊಂದಿದೆ. ಇವರಿಗೆ ಯಾವುದರ ನಾಚಿಕೆ?

ಸೆಕ್ರೆಟರಿ ಅಕ್ಕನನ್ನೇ ನೋಡಿದರು. ಅಕ್ಕ ಎದ್ದು ನಿಂತರು.

"ವಾಸನೆ ಅಂತ ನಾನು ಹೇಳಲಿಲ್ಲ," ಎಂದರು. "ನನ್ನ ಮನೆಗೆ ವಾಸನೆ ಯಾವತ್ತೂ ಬಂದದ್ದಿಲ್ಲ. ಕಾಗೆಯೂ ಬಂದದ್ದಿಲ್ಲ. ಗೊತ್ತಾದ ಮೇಲೆ ದೇವರಿಗೆ ಇಡ್ಲಿಕ್ಕೆ ಕೈ ಬರುವುದಿಲ್ಲ ಅಂತ ಮಾತ್ರ ನಾನು ಸೆಕ್ರೆಟರಿಯವರ ಹತ್ತಿರ ಹೇಳಿದ್ದು."

ನನಗೆ ತಡೆಯಲಾಗಲಿಲ್ಲ. "ಪೇಟೆಯ ಮಲ್ಲಿಗೆಗೆ ಎಂತ ಹಾಕ್ತಾರೆ ಅಂತ ಕೇಳಿದ್ದೀರಾ ಅಕ್ಕ?"

"ಕೇಳುವುದಿಲ್ಲ," ಎಂದರು ಅವರು. "ಅದಕ್ಕೇ ಅಲ್ವಾ ತರ್ಲಿಕ್ಕೆ ಆಗುವುದು."

ನಾಲ್ಕು ಜನ ನಕ್ಕರು. ಅಕ್ಕ ನಗಲಿಲ್ಲ, ನಾನೂ ನಗಲಿಲ್ಲ. ಆ ಉತ್ತರ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಅಷ್ಟು ಜನರ ನಡುವೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ನನ್ನನ್ನು ಬಿಟ್ಟರೆ ಅವರೊಬ್ಬರೇ ಎಂಬುದನ್ನು ಅಲ್ಲವೆನ್ನಲಾರೆ. ಅಂದರೆ ದುರ್ವಾಸನೆಯನ್ನೂ ಕಾಗೆಯನ್ನೂ ತಯಾರು ಮಾಡಿದ್ದು ಸೆಕ್ರೆಟರಿಯೇ. ಒಂದು ಮನೆಯ ದೇವರಿಗೆ ಇನ್ನೊಂದು ಮನೆಯ ಹೂ ಆಗುವುದಿಲ್ಲ ಎಂಬುದಕ್ಕೆ ಚಟ್ಟಿ ತೆಗೆಸಲಿಕ್ಕಾಗುವುದಿಲ್ಲವಲ್ಲ, ಅದಕ್ಕೆ ವಾಸನೆ ಬೇಕಾಯಿತು. ದೂರು ಕೊಟ್ಟವರೇ ಇಲ್ಲವೆಂದ ಮೇಲೆ ಅವರು ಫೈಲು ಮುಚ್ಚಿ, ನೀರು ಕೆಳಗೆ ತೊಟ್ಟಿಕ್ಕದ ಹಾಗೆ ಚಟ್ಟಿಗಳ ಅಡಿಗೆ ತಟ್ಟೆ ಇಟ್ಟರೆ ಸಾಕು ಎಂದು ಮುಗಿಸಿದರು. ತಟ್ಟೆಗಳು ಮೊದಲಿನಿಂದಲೇ ಇದ್ದವು. ಅದನ್ನಾದರೂ ಮೇಲೆ ಬಂದು ನೋಡುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ.

ಹಾಗೆ ಗಿಡಗಳು ಉಳಿದವು. ಈಗ ಹೂ ನನಗೆ ಹೆಚ್ಚಾಗುತ್ತದೆ. ಮಲ್ಲಿಗೆ ಕಟ್ಟಿ ನಮ್ಮ ದೇವರ ಪಟಗಳಿಗೆ ಹಾಕಿ, ಮುಡಿದು, ಉಳಿದದ್ದರಲ್ಲಿ ಗಂಡನ ಸ್ಕೂಟರಿನ ಹ್ಯಾಂಡಲಿಗೂ ಒಂದು ತುಂಡು ಸುತ್ತುತ್ತೇನೆ. ದಾಸವಾಳವನ್ನು ಗಿಡದಲ್ಲೇ ಬಿಡುತ್ತೇನೆ. ಎರಡು ವರ್ಷ ಬೆಳಿಗ್ಗೆಯೇ ಕೊಯ್ದು ಕೊಡುತ್ತಿದ್ದೆನಲ್ಲ, ದಾಸವಾಳ ಮಧ್ಯಾಹ್ನದ ಬಿಸಿಲಿಗೆ ಹೇಗಿರುತ್ತದೆ, ಸಂಜೆಗೆ ಹೇಗೆ ಸುರುಳಿ ಸುತ್ತಿಕೊಳ್ಳುತ್ತದೆ ಎಂದು ನೋಡಿಯೇ ಇರಲಿಲ್ಲ. ಅಕ್ಕ ಲಿಫ್ಟಿನಲ್ಲಿ ಸಿಕ್ಕರೆ ಊಟ ಆಯಿತೇ ಎಂದು ಕೇಳುತ್ತಾರೆ, ಆಯಿತು ಎನ್ನುತ್ತೇನೆ. ಅದಕ್ಕಿಂತ ಮುಂದೆ ಇಬ್ಬರೂ ಹೋಗುವುದಿಲ್ಲ.

ಮೀಟಿಂಗ್ ಮುಗಿದು ಹದಿನೈದು ದಿನವಾಗಿರಬಹುದು. ನಾನು ಮೆಟ್ಟಿಲು ಇಳಿಯುತ್ತಿದ್ದೆ. ಸೆಕ್ರೆಟರಿ ತಮ್ಮ ಬಾಗಿಲು ಅರ್ಧ ತೆರೆದು, ಆಚೀಚೆ ನೋಡಿ, ಹೊರಗೆ ಬಂದರು. ಸ್ವರ ಎಷ್ಟು ತಗ್ಗಿಸಿದ್ದರೆಂದರೆ ನಾನು ಒಂದು ಮೆಟ್ಟಿಲು ಹಿಂದೆ ಬರಬೇಕಾಯಿತು.

"ಮೇಡಮ್, ಅದು... ಒಂದು ಬಕೆಟಿಗೆ ಎಷ್ಟು ಹಾಕಬೇಕು? ನಮ್ಮ ಗುಲಾಬಿ ಬರೀ ಎಲೆ ಬಿಡ್ತಾ ಉಂಟು."

ಬಾಗಿಲ ಸಂದಿಯಲ್ಲಿ ಅವರ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಂದು ಬಂಗುಡೆ. ನಾನು ಸ್ವರ ತಗ್ಗಿಸಲಿಲ್ಲ.

"ಇನ್ನೊಂದು ಮೀಟಿಂಗ್ ಕರೆಯಿರಿ," ಎಂದೆ. "ಎಲ್ಲರ ಎದುರು ಕೇಳಿ. ಹೇಳಿಕೊಡ್ತೇನೆ."

ಅವರು ಇನ್ನೂ ಕರೆದಿಲ್ಲ. ನಾನೂ ಹೇಳಿಕೊಟ್ಟಿಲ್ಲ.