ಮನೆ ಬಿಡಿಸಲು ಬಂದ ನಕ್ಷತ್ರ

ನನ್ನ ಹೆಂಡತಿ ತೀರಿಕೊಂಡದ್ದು ದಸರೆಯ ಮರುದಿನ. ಹಿಂದಿನ ಸಂಜೆಯಷ್ಟೇ ಯರಗಟ್ಟಿಯ ನಮ್ಮ ಕಾಕಾ ಬಂದು, ಹೊರಸಿನ ಮೇಲೆ ಮಲಗಿದ್ದವಳ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರವಾ" ಎಂದು ಹರಸಿ ಹೋಗಿದ್ದರು. ಅವಳು ಹೋದ ಹನ್ನೊಂದನೆಯ ದಿನ ಅದೇ ಕಾಕಾ ಮತ್ತೆ ಬಂದರು. ಈ ಸಲ ಕೈಯಲ್ಲಿ ಹೊಸ ಬೀಗ. ಕಬ್ಬಿಣದ ಸಾಮಾನಿನ ಅಂಗಡಿ ಅವರದು. ನಮ್ಮ ಬಾಗಿಲಿಗೆ ಹೊಂದುವಂಥದ್ದನ್ನೇ ಆರಿಸಿ ತಂದಿದ್ದರು.

"ಆಕಿ ಧನಿಷ್ಠಾ ನಕ್ಷತ್ರದಾಗ ಹೋಗ್ಯಾಳ. ಆರು ತಿಂಗಳ ಮನಿ ಬಿಡಬೇಕಪಾ. ಕೀಲಿ ಹಾಕಿ, ಬಾಗಲಕ್ಕ ಜಾಲಿ ಮುಳ್ಳ ಇಟ್ಟು, ದೊಡವಾಡಕ್ಕ ನಿನ್ನ ತಂಗಿ ಮನಿಗೆ ನಡಿ."

"ಬಿಡದಿದ್ರ?"

"ಒಬ್ಬರ ಹಿಂದ ಐದು ಮಂದಿ ಹೋಗ್ತಾರ, ಮನಿತನದಾಗ."

ಮನೆತನದಲ್ಲಿ ಈಗ ಎಲ್ಲರಿಗಿಂತ ಹಿರಿಯರು ಅವರೇ. ಮಣ್ಣು ಕೊಟ್ಟ ದಿನ ಅವರು ಯಾರಿಗಾಗಿ ಅತ್ತರೆಂದು ನನಗೆ ಆಗ ತಿಳಿಯಿತು. ಎದೆಯ ಮೇಲೆ ಲಿಂಗ ಇದ್ದವನಿಗೆ ತಿಥಿ, ನಕ್ಷತ್ರ ಯಾವ ಲೆಕ್ಕ ಎಂದು ವರ್ಷಕ್ಕೊಮ್ಮೆ ಶರಣರ ಜಯಂತಿಯ ಮೈಕಿನಲ್ಲಿ ಕೂಗುವ ಮನುಷ್ಯ. ಮೈಕು ಕೆಳಗಿಟ್ಟರೆ ಜೇಬಿನಲ್ಲಿ ಪಂಚಾಂಗ.

ಆ ಮನೆಯನ್ನು ಬಿಡುವುದು ನನ್ನಿಂದಾಗದ ಮಾತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ನಡುವೆ, ಮೇಲೆ, ಒಂದು ಬೆಳಕಿಂಡಿ. ಏಳಲಾಗದಂತಾದ ಮೇಲೆ ಅವಳು ಹೊರಸನ್ನು ಅದರ ಕೆಳಗೇ ಹಾಕಿಸಿಕೊಂಡಿದ್ದಳು. ಮೊಳದಷ್ಟು ಅಗಲದ ಆ ಚೌಕದಲ್ಲಿ ಯಾವ ಚುಕ್ಕಿ ಯಾವಾಗ ಹಾಯುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಅಪ್ಪ ಚಕ್ಕಡಿಯಲ್ಲಿ ಸವದತ್ತಿಗೆ ಹತ್ತಿ ಒಯ್ಯುತ್ತಿದ್ದವರು. ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಇಪ್ಪತ್ತೇಳು ನಕ್ಷತ್ರಗಳನ್ನೂ ಬೆರಳು ಮಾಡಿ ತೋರಿಸಿದ್ದರಂತೆ.

ಮಳೆ ಹಿಂದೆ ಸರಿದು ಆಕಾಶ ತೊಳೆದಂತಾದಾಗ ಅವಳು ಹೇಳಿದ್ದಳು: "ಆ ಸಾಲಾಗಿರೂ ಮೂರು ಚುಕ್ಕಿ ಶ್ರವಣ. ಅದರ ಬೆನ್ನಿಗೆ ಸಣ್ಣದೊಂದು ಬೀಸಣಿಗಿ ಕಾಣತೈತಿ ನೋಡ್ರಿ. ನಾಕು ಚುಕ್ಕಿ, ಕೆಳಗೊಂದು ಹಿಡಿಕಿ. ಅದ ಧನಿಷ್ಠಾ." ಕೈಯಲ್ಲಿದ್ದ ಬೀಸಣಿಗೆಯಿಂದ ಅವಳಿಗೆ ಗಾಳಿ ಹಾಕುತ್ತಲೇ ನಾನು ನೋಡಿದೆ. ಕಂಡಿತು.

ಅದಕ್ಕೇ ಕಾಕಾನಿಗೆ ಹೇಳಿದೆ: "ಮಾಳಿಗಿ ಮ್ಯಾಲೆ ಬರ್ರಿ. ಆ ನಕ್ಷತ್ರ ತೋರಸ್ರಿ. ಈಗಿಂದೀಗ ಮನಿ ಬಿಡತೇನಿ."

ಹೊತ್ತು ಮುಳುಗಿ ಮೂರು ಗಳಿಗೆಯಾಗಿತ್ತು. ಚಂದ್ರ ಇನ್ನೂ ಮೂಡಿರಲಿಲ್ಲ. ಅವರು ಮೊಣಕಾಲು ಹಿಡಿದುಕೊಂಡು ನಿಚ್ಚಣಿಕೆ ಹತ್ತಿ ಬಂದರು. ಸೊಂಟದ ಮೇಲೆ ಕೈ ಇಟ್ಟು ಸುತ್ತಲೂ ನೋಡಿ, ಪಡುವಣದಲ್ಲಿ ಎಲ್ಲಕ್ಕಿಂತ ಹೊಳೆಯುವುದಕ್ಕೆ ಬೆರಳು ಮಾಡಿದರು.

"ಅದ ನೋಡು. ಹ್ಯಾಂಗ ಕಣ್ಣು ಕಿಸದೈತಿ!"

"ಅದು ಬೆಳ್ಳಿಚುಕ್ಕಿ, ಕಾಕಾ. ನಕ್ಷತ್ರನೂ ಅಲ್ಲ, ಗ್ರಹ."

"ಹಂಗಾರ ಅಲ್ಲಿ, ಆ ಕೆಂಪಂದು."

"ಅದು ಗುಡ್ಡದ ಮ್ಯಾಲೆ ಕರೆಂಟ್ ಮಾಡೂ ಗಾಳಿ ಫ್ಯಾನಿನ ದೀಪ."

"ಭಾಳ ಶ್ಯಾಣ್ಯಾ ಆಗಬ್ಯಾಡ. ನಕ್ಷತ್ರ ಪಂಚಾಂಗದಾಗ ಇರತೈತಿ. ಕಣ್ಣಿಲೆ ನೋಡಿ ಏನ ಮಾಡೂದೈತಿ?"

ನಡುನೆತ್ತಿಯ ಹತ್ತಿರವಿದ್ದ ಬೀಸಣಿಗೆಯನ್ನು ನಾನೇ ತೋರಿಸಿದೆ. ಅವಳು ಹೋದ ದಿನ ಚಂದ್ರ ಅದರ ದಿಕ್ಕಿನಲ್ಲಿದ್ದ, ಅಷ್ಟೇ. ಪ್ರತಿ ತಿಂಗಳೂ ಆ ದಾರಿಯಲ್ಲೇ ಹಾಯ್ದು ಹೋಗುತ್ತಾನೆ ಎಂದೆ. "ನಿಮ್ಮ ಮೊಮ್ಮಗ ಹುಟ್ಟಿದ್ದೂ ಧನಿಷ್ಠಾದಾಗ. ಆವತ್ತ ಓಣಿ ತುಂಬ ಪೇಡೆ ಹಂಚಿದ್ರಿ. ಮನಿ ಯಾಕ ಬಿಡಲಿಲ್ಲ?"

ಅವರು ಮೇಲೆ ನೋಡಲೇ ಇಲ್ಲ. "ನಿನ್ನ ಮನ್ಯಾಗ ಇನ್ನ ಯಾರೂ ಹನಿ ನೀರ ಮುಟ್ಟೂದಿಲ್ಲ, ತಿಳಕೊ" ಎಂದು ಇಳಿದು ಹೋದರು. ಬೀಗವನ್ನು ಕಟ್ಟೆಯ ಮೇಲೆ ಮರೆತರೋ, ಬೇಕೆಂದೇ ಬಿಟ್ಟರೋ.

ಅವರ ಬೆನ್ನು ನೋಡಿ ನಾನು ನಕ್ಕೆ. ಆಮೇಲೆ ಆ ನಗು ಬಾಯಲ್ಲಿ ಕಹಿಯಾಯಿತು. ಇಪ್ಪತ್ತು ವರ್ಷ ಅವಳು ನನ್ನನ್ನು ಮಾಳಿಗೆಗೆ ಕರೆದಿದ್ದಳು. "ಚುಕ್ಕಿ ನೋಡಿದ್ರ ಹೊಟ್ಟಿ ತುಂಬತೈತೇನ?" ಎಂದು ಟಿವಿ ಮುಂದೆ ಕುಳಿತವನು ನಾನು. ಬೆಳಕಿಂಡಿಯಲ್ಲಿ ಹಾಯ್ದ ನಾಲ್ಕಾರು ಮಾತ್ರ ನನಗೆ ಸಿಕ್ಕವು. ಉಳಿದವು ಅವಳ ಜೊತೆಗೇ ಹೋದವು. ಕಾಕಾ ಮತ್ತೊಂದು ನಕ್ಷತ್ರ ಕೇಳಿದ್ದರೆ ನಾನೂ ಗಾಳಿ ಫ್ಯಾನಿನ ದೀಪವನ್ನೇ ತೋರಿಸುತ್ತಿದ್ದೆ.

ಮನೆ ಬಿಡಲಿಲ್ಲ. ನೆಂಟರು ಅಂಗಳದಲ್ಲೇ ನಿಂತು, ಹೊಸ್ತಿಲು ಕಚ್ಚುತ್ತದೆ ಎನ್ನುವಂತೆ ದೂರದಿಂದ ಮಾತಾಡಿಸಿ ಹೋಗುತ್ತಾರೆ. ಆರು ತಿಂಗಳು ತುಂಬಿದ ಮರುದಿನವೇ ಇವರೆಲ್ಲ ಚಹಾ ಕುಡಿಯಲು ಬರುತ್ತಾರೆ, ನನಗೆ ಗೊತ್ತು. ಆ ಹೊತ್ತಿಗೆ ಧನಿಷ್ಠೆ ಸಂಜೆ ಕಾಣುವುದಿಲ್ಲ. ಬೆಳಗಿನ ಜಾವ ಮೂಡಣದಲ್ಲಿ ಏರುತ್ತದೆ ಎಂದು ಅವಳು ಹೇಳಿದ್ದಳು. ಬೆಳಕಿಂಡಿಯ ಕೆಳಗೆ ಮಲಗಿದರೆ ಅದು ಸಿಗದು, ಮೇಲೆ ಹತ್ತಬೇಕು. ನಿಚ್ಚಣಿಕೆಯ ಸಡಿಲಾಗಿದ್ದ ಮೂರನೆಯ ಮೆಟ್ಟಿಲನ್ನು ಹುರಿಯಿಂದ ಬಿಗಿದಿಟ್ಟಿದ್ದೇನೆ.