ಅಕ್ಕನ ಆನೆಗೆ ಕಾಲು ಕಿಲೋ ಗೇರು

ಫೆಬ್ರವರಿ 16, ಭಾನುವಾರ, ಬೆಳಗ್ಗೆ ಏಳು ನಲವತ್ತು. ಸಂಭಾಜಿನಗರದಲ್ಲಿ ನಮ್ಮ ಸೋದರಮಾವನ ಹೋಟೆಲಿನ ಮೇಲಿನ ಕೋಣೆ. ಅಕ್ಕ ತನ್ನ ಆನೆಯ ಚಿತ್ರದ ಮುಂದೆ ಕುಳಿತು, "ಮಾವ, ಪೇಟೆಯಿಂದ ಕಾಲು ಕಿಲೋ ಗೇರು ತನ್ನಿ" ಎಂದಳು. ಸಂಜೆ ನಾಲ್ಕಕ್ಕೆ ಗ್ಯಾಲರಿಯೊಂದರ ಒಡತಿ ಬರುವವರಿದ್ದರು. ಅವರು ಒಪ್ಪಿದರೆ ಅಕ್ಕನಿಗೆ ಮೊದಲ ಪ್ರದರ್ಶನ.

ಅಕ್ಕನ ಗುರು ಅಜಂತಾದ ಗೋಡೆಗಳು. ನಾಶಿಕದಿಂದ ಬಂದು ಮಾವನ ಮನೆಯಲ್ಲಿ ಉಳಿದು ಗುಹೆಗೆ ಹೋಗುತ್ತಾಳೆ. ನನ್ನ ಲೆಕ್ಕದಲ್ಲಿ ಈವರೆಗೆ ಹದಿನಾಲ್ಕು ಸಲ. ಫೋಟೊ ತೆಗೆಯುವುದಿಲ್ಲ. ಕತ್ತಲಿಗೆ ಕಣ್ಣು ಹೊಂದುವ ತನಕ ನಿಂತು ನೋಡಿ, ವಾಪಸು ಬಸ್ಸಿನಲ್ಲಿ ನೆನಪಿನಿಂದ ಗೀಚುತ್ತಾಳೆ. ಬಸ್ಸು ಕುಲುಕಿ ಆನೆಗೆ ಐದನೆಯ ಕಾಲು ಬಂದದ್ದೂ ಇದೆ. ಆಮೇಲೆ ಮಣ್ಣು, ಸೆಗಣಿ, ಭತ್ತದ ಹೊಟ್ಟು ಕಲಸಿ ಹಲಗೆಗೆ ಮೆತ್ತಿ, ಸುಣ್ಣ ಬಳಿದು, ಅದರ ಮೇಲೆ ಚಿತ್ರ. ನಾಶಿಕದ ನಮ್ಮ ಹೋಟೆಲಿನ ಬೋರ್ಡೂ ಅವಳದೇ. ಅದರಲ್ಲಿ ದೋಸೆ ಹಿಡಿದವನಿಗೆ ಗುಹೆಯ ಚಿತ್ರದವರ ಹಾಗೆಯೇ ಅರೆಮುಚ್ಚಿದ ಕಣ್ಣು. "ನಿಮ್ಮ ವೇಟರಿಗೆ ನಿದ್ದೆ ಬಂದಿದೆ" ಎಂದ ಗಿರಾಕಿಗಳು ಒಂಬತ್ತು ಮಂದಿ.

ಹತ್ತೂವರೆಗೆ ಮಾವ ಬಂದರು. "ತಕೋ ಮಾರಾಯ್ತಿ, ಹುರಿದದ್ದೇ ತಂದೆ. ಉಪ್ಪು ಕಾರ ಹಾಕಿದ್ದು."

ಪೊಟ್ಟಣದಲ್ಲಿ ಗೋಡಂಬಿ!

"ಅರೇ ಮಾವ, ಗೇರು ಅಂದ್ರೆ ರಂಗ್! ಲಾಲ್ ಮಾತಿ, ಕೆಂಪು ಮಣ್ಣು!"

"ಅದಕ್ಕೆ ಕಾವಿ ಅಂತ ಹೇಳ್ಬೇಕು. ಕುಂದಾಪುರದವ್ರ ಹತ್ರ ಗೇರು ಅಂದ್ರೆ ಇನ್ನೆಂತ ತರೂದು?"

"ಈಗ ಆನೆ ಮೈಮೇಲೆ ಗೋಡಂಬಿ ಅಂಟಿಸ್ಲಾ?"

"ಅಂಟಿಸು. ಪಾಯಸ ಅಂತ ಹೆಸರಿಡು."

ಭಾನುವಾರ ಬಣ್ಣದ ಅಂಗಡಿ ಹತ್ತಕ್ಕೇ ಬಾಗಿಲು ಹಾಕುತ್ತದೆ. ಆನೆಯ ಬೆನ್ನಿನ ವಸ್ತ್ರಕ್ಕೆ ಕೆಂಪಿಲ್ಲ. ಆಗ ಬಾಲ್ಕನಿಯ ಹೂಕುಂಡಗಳು ಅಕ್ಕನ ಕಣ್ಣಿಗೆ ಬಿದ್ದವು. ಈ ಕಡೆ ಕುಂಡಗಳಿಗೆ ಬಳಿಯುವುದು ಅದೇ ಗೇರು. ಅಕ್ಕನೂ ನಾನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಡಿ, ಒಂದು ಬಟ್ಟಲು ತುಂಬಿಸಿದೆವು.

"ನನ್ನ ಕುಂಡಗಳಿಗೆ ಸ್ನಾನ ಮಾಡಿಸಿದ್ದು ಯಾರು?" ಎಂದರು ಅತ್ತೆ.

"ಆನೆ" ಎಂದರು ಮಾವ, ಗೋಡಂಬಿ ಜಗಿಯುತ್ತ.

ಒಡತಿ ಸರಿಯಾಗಿ ನಾಲ್ಕಕ್ಕೆ ಬಂದರು. ಬಹಳ ಹೊತ್ತು ನೋಡಿ, ಕೆಂಪು ವಸ್ತ್ರವನ್ನು ಮೆಲ್ಲಗೆ ಮುಟ್ಟಿದರು. ಬೆರಳು ಕೆಂಪಾಯಿತು. "ಆನೆ ನನಗೆ ಬೇಕು. ಆದರೆ ಬಣ್ಣ ಆನೆಯ ಮೇಲಿರಬೇಕು, ನೋಡಲು ಬಂದವರ ಮೇಲಲ್ಲ" ಎಂದು ಮರಾಠಿಯಲ್ಲಿ ಹೇಳಿ, ಒಂದು ತಿಂಗಳು ಕೊಟ್ಟು ಹೋದರು.

ಅಂದಿನಿಂದ ಅಕ್ಕ ಗೇರಿಗೆ ಅಂಟು ಹುಡುಕುತ್ತಿದ್ದಾಳೆ. ಗೋಂದು ಬೆರೆಸಿದರೆ ಬಿರುಕು ಬಿಟ್ಟಿತು. ಗಂಜಿ ಬೆರೆಸಿದರೆ ಇರುವೆ ಬಂದವು. ಮಾವನ ಮಾತು ಕೇಳಿ ಉದ್ದಿನ ಹಿಟ್ಟು ಹಾಕಿದಳು; ಅದು ಹುಳಿ ಬಂದು ಉಬ್ಬಿ, ಆನೆ ಬಸುರಿಯಾಯಿತು. ಮಣ್ಣಿನ ಮೇಲೆ ಕೆಂಪು ಕೈಗೆ ಹತ್ತದಂತೆ ನಿಲ್ಲಿಸುವುದು ಹೇಗೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಮಾರ್ಚ್ ಹದಿನಾರರೊಳಗೆ ತಲುಪಿದರೆ ಒಳ್ಳೆಯದು.