ಕಡವಿನ ಅಕ್ಕಿ

ಸ್ಟಾಕ್‌ಪೋರ್ಟಿನ ತನಿಯಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಕೊನೆಯ ಒಂಬತ್ತು ವರ್ಷ ಗುಡ್ಡದ ಮೇಲಿನ ಹಳ್ಳಿಗಳ ರೂಟು. ಮೂರು ಮುದುಕಿಯರು, ಒಂದು ನಾಯಿ, ಅಷ್ಟೇ ಸವಾರಿ. ಸರಕಾರದ ಸಹಾಯಧನದಲ್ಲಿ ಓಡುತ್ತಿದ್ದ ಬಸ್ಸು ಅದು. 2012ರಲ್ಲಿ ದುಡ್ಡು ನಿಂತಿತು, ಬಸ್ಸೂ ನಿಂತಿತು, ತನಿಯಪ್ಪ ಮನೆ ಸೇರಿದ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಒಂದು ಉರಿ. ಮಗಳು ತನ್ವಿ ಡಾಕ್ಟರಾಗಿ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಬಾರಾ ದ್ವೀಪಕ್ಕೆ ಹೋದ ಮೇಲೆ ಆ ಉರಿಗೆ ಎಣ್ಣೆ ಬಿತ್ತು. ಗ್ಲಾಸ್ಗೋದಿಂದ ಅಲ್ಲಿಗೊಂದು ಪುಟ್ಟ ವಿಮಾನ. ಇಳಿಯುವುದು ಕಡಲ ದಂಡೆಯ ಮರಳಿನ ಮೇಲೆ, ಅದೂ ನೀರು ಇಳಿದಾಗ ಮಾತ್ರ. ಅದಕ್ಕೆ ಸರಕಾರದ ಸಹಾಯಧನ ಉಂಟು. "ನನ್ನ ಮುದುಕಿಯರಿಗೆ ಬಸ್ಸಿಲ್ಲ, ಅಲ್ಲಿ ಏಳೆಂಟು ಜನಕ್ಕೆ ಪುಷ್ಪಕ ವಿಮಾನ!" ಎಂದು ಸಿಕ್ಕಸಿಕ್ಕವರ ಮುಂದೆ ಗೊಣಗುತ್ತಿದ್ದ. ಆ ವಿಮಾನ ಹತ್ತುವುದಿಲ್ಲ ಎಂಬ ಹಟಕ್ಕೆ ಬಿದ್ದು ಎರಡು ವರ್ಷ ಮಗಳ ಮನೆಯನ್ನೇ ನೋಡಲಿಲ್ಲ.

2016ರ ನವೆಂಬರಿನಲ್ಲಿ ಬಸುರಿ ತನ್ವಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಹೊಟ್ಟೆಯ ಮಗು ಕಾಲು ಕೆಳಗಾಗಿ ಕೂತಿತ್ತು. ಹೆರಿಗೆ ಗ್ಲಾಸ್ಗೋದ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಎರಡು ದಿನದಿಂದ ಬಿರುಗಾಳಿ. ವಿಮಾನವೂ ಇಲ್ಲ, ಹಡಗೂ ಇಲ್ಲ. ಮೂರನೆಯ ದಿನ ಗಾಳಿ ತಗ್ಗಿತು. ಮಧ್ಯಾಹ್ನ ಹನ್ನೆರಡೂವರೆಗೆ ವಿಮಾನ ಬರುತ್ತದೆ ಎಂದು ಸುದ್ದಿ ಬಂತು. ಸಂಜೆಗೆ ಮತ್ತೆ ಗಾಳಿಯಂತೆ. ಇದೊಂದು ತಪ್ಪಿದರೆ ಮುಂದಿನದು ಯಾವಾಗಲೋ.

ಗಂಡಹೆಂಡಿರು ಮಗಳನ್ನು ಎದುರುಗೊಳ್ಳಲು ರೈಲಿನಲ್ಲಿ ಗ್ಲಾಸ್ಗೋಗೆ ಹೊರಟರು. ಸ್ಟಾಕ್‌ಪೋರ್ಟಿನ ಪ್ಲಾಟ್‌ಫಾರ್ಮಿನಲ್ಲಿ ತನಿಯಪ್ಪ ಗೋಡೆಯಿಂದ ಕಿತ್ತು ತಂದ ಪಂಚಾಂಗ ಬಿಚ್ಚಿದವನೇ ಬೆವರಿಬಿಟ್ಟ.

"ಪ್ರಭಾ, ಇವತ್ತು ಅಮಾಸೆ ಮಾರಾಯ್ತಿ!"

"ಅದಕ್ಕೇನೀಗ?" ಎಂದಳು ಹೆಂಡತಿ ಪ್ರಭಾವತಿ.

"ಅಮಾಸೆ ಮಧ್ಯಾಹ್ನ ಕಡಲು ತುಂಬಿರ್ತದೆ. ವಿಮಾನ ಎಲ್ಲಿ ಇಳಿಯೋದು, ಮೀನಿನ ತಲೆ ಮೇಲಾ?"

ಅವನು ಬೆಳೆದದ್ದು ಉಡುಪಿ ಕಡೆಯ ಕುದ್ರುವಿನಲ್ಲಿ, ಹೊಳೆಯ ನಡುವಿನ ತುಂಡು ನೆಲದಲ್ಲಿ. ಯಾವ ತಿಥಿಗೆ ಯಾವ ಹೊತ್ತಿನಲ್ಲಿ ನೀರು ಏರುತ್ತದೆ ಎಂಬುದನ್ನು ಅಪ್ಪನ ಬಾಯಿಂದ ಕಲಿತಿದ್ದ. ಆ ಲೆಕ್ಕ ಒಂದು ದಿನವೂ ಸುಳ್ಳಾದದ್ದಿಲ್ಲ. ಕೂಡಲೇ ಮಗಳಿಗೆ ಫೋನು ಹಚ್ಚಿದ.

"ಅಪ್ಪಾ, ನಾನು ಕಿಟಕಿ ಹತ್ರಾನೇ ನಿಂತಿದ್ದೇನೆ. ನೀರು ಇಳೀತಾ ಇದೆ."

"ಅಮಾಸೆಗೆ ಈ ಹೊತ್ತಲ್ಲಿ ನೀರು ಇಳಿಯೋದಾ? ನನಗೇ ಪಾಠ ಹೇಳ್ತೀಯಾ? ನಿನ್ನ ಅಜ್ಜ..."

"ಅಜ್ಜ ನೋಡಿದ್ದು ಮಲ್ಪೆ ಕಡಲು. ಇದು ಅಟ್ಲಾಂಟಿಕ್ ಅಪ್ಪ. ಇಲ್ಲಿ ಟೈಮಿಂಗೇ ಬೇರೆ."

"ಚಂದ್ರ ಒಬ್ಬನೇ ಅಲ್ವಾ!"

"ರೈಲು ಹತ್ತು ಅಪ್ಪ" ಎಂದು ಅವಳು ಫೋನಿಟ್ಟಳು.

ಹತ್ತಿದ. ಕೂತರಲ್ಲವೇ! ಸುಟ್ಟ ಕಾಲಿನ ಬೆಕ್ಕಿನ ಹಾಗೆ ಡಬ್ಬಿಯ ಈ ತುದಿಯಿಂದ ಆ ತುದಿಗೆ ತಿರುಗಿದ. ಹನ್ನೆರಡೂವರೆ ಆಯಿತು, ಒಂದಾಯಿತು. ಮಗಳ ಫೋನು ಸತ್ತುಬಿದ್ದಿತ್ತು. ಅವನ ಕಣ್ಣ ಮುಂದೆ ಬರೀ ನೀರು.

"ಒಂದು ಕಡೆ ಕೂತ್ಕೊಳ್ಳಿ" ಎಂದಳು ಪ್ರಭಾವತಿ. "ನಿಮ್ಮಮ್ಮ ಕಡವಿನವನಿಗೆ ಅಕ್ಕಿ ಅಳೀತಿದ್ದದ್ದು ನೆನಪುಂಟಾ?"

ಅವನು ಮರೆತಿರಲಿಲ್ಲ. ಕುದ್ರುವಿನಿಂದ ಹೊಳೆ ದಾಟಿಸುವ ದೋಣಿಯವನಿಗೆ ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ಅಕ್ಕಿ. ದೋಣಿ ಹತ್ತಿದವರೂ ಕೊಡಬೇಕು, ಹತ್ತದವರೂ ಕೊಡಬೇಕು. ತನಿಯಪ್ಪನ ಅಪ್ಪನಿಗೆ ಸ್ವಂತ ದೋಣಿ ಇತ್ತು. ನಮಗೇಕೆ ಈ ದಂಡ ಎಂದು ಅಪ್ಪ ಹಾರಾಡಿದಾಗ ಅಮ್ಮ ಒಂದೇ ಮಾತು ಹೇಳಿದ್ದಳು: "ಇವನು ಹೊಟ್ಟೆಯಲ್ಲಿದ್ದಾಗ ನೋವು ಬಂದ ದಿನ ನಿಮ್ಮ ದೋಣಿ ಕಡಲಲ್ಲಿತ್ತು. ನನ್ನನ್ನು ದಾಟಿಸಿದ್ದು ಯಾರು?" ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಎನ್ನುವ ಜಾತಿಯವಳಲ್ಲ ಆಕೆ.

ತನಿಯಪ್ಪ ಕೂತ. ಕಾಲು ಮಾತ್ರ ಗ್ಲಾಸ್ಗೋವರೆಗೆ ಕುಣಿಯುತ್ತಲೇ ಇತ್ತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕತ್ತು ಉದ್ದ ಮಾಡಿ ನಿಂತರು. ಮೊದಲು ಬಂದದ್ದು ಪಿಟೀಲಿನ ಪೆಟ್ಟಿಗೆ ಹೊತ್ತ ಒಬ್ಬ. ಆಮೇಲೆ ಶಾಲೆಯ ಇಬ್ಬರು ಹುಡುಗಿಯರು. ಕಣ್ಣಿನ ಆಸ್ಪತ್ರೆಗೆಂದು ಬಂದ ಒಬ್ಬಳು ಮುದುಕಿ, ಅವಳ ಕೈ ಹಿಡಿದ ಮಗ. ತನಿಯಪ್ಪ ಉಸಿರು ಹಿಡಿದು ಎಣಿಸುತ್ತಿದ್ದ. ಕೊನೆಗೆ ಅಳಿಯ ಅಭಿಜಿತನ ಹೆಗಲು ಹಿಡಿದು ತನ್ವಿ ಬಂದಳು, ಬೂಟಿಗೆಲ್ಲ ಹಸಿ ಮರಳು.

"ಏಳೇ ಜನ" ಎಂದ ತನಿಯಪ್ಪ.

"ಎಂಟು" ಎಂದು ತನ್ವಿ ಹೊಟ್ಟೆ ಮುಟ್ಟಿಕೊಂಡು ನಕ್ಕಳು.

ಅವನು ಹೆಂಡತಿಯ ಚೀಲಕ್ಕೆ ಕೈ ಹಾಕಿ, ಬಾಣಂತಿಯ ಗಂಜಿಗೆಂದು ತಂದಿದ್ದ ಕುಚ್ಚಲಕ್ಕಿಯ ಗಂಟು ಎತ್ತಿಕೊಂಡು ನೆಟ್ಟಗೆ ಕೌಂಟರಿಗೆ ನಡೆದ.

"ಇದು ಪೈಲಟ್ಟಿಗೆ."

"ಏನಿದು ಸರ್?" ಎಂದಳು ಕೌಂಟರಿನ ಹುಡುಗಿ.

"ಅಕ್ಕಿ. ನನ್ನ ಮನೆಯ ಪಾಲು."

"ಅಪ್ಪಾ, ಪ್ಲೀಸ್! ಸೆಕ್ಯೂರಿಟಿ ಕರೀತಾರೆ" ಎಂದು ತನ್ವಿ ತೋಳು ಜಗ್ಗಿದಳು. ಹುಡುಗಿಯೂ ತಲೆಯಾಡಿಸಿದಳು, ತೆಗೆದುಕೊಳ್ಳುವ ಹಾಗಿಲ್ಲವಂತೆ. ಅಷ್ಟರಲ್ಲಿ ಆ ಮುದುಕಿ ಹತ್ತಿರ ಬಂದಳು. ಡಾಕ್ಟರಮ್ಮನ ಅಪ್ಪ ಎಂದು ಅವಳಿಗೆ ಗೊತ್ತಾಗಿತ್ತು.

"ನನ್ನ ಕೈಲಿ ಕೊಡಿ. ಗುರುವಾರ ಅದೇ ವಿಮಾನದಲ್ಲಿ ಹಿಂದೆ ಹೋಗ್ತೇನೆ. ಆ ಪೈಲಟ್ಟು ನನಗೆ ಗೊತ್ತು. ಬೇಯೋದಕ್ಕೆ ಎಷ್ಟು ಹೊತ್ತು ಬೇಕು, ಹೇಳಿ."

"ಒಂದು ಗಂಟೆ. ಅವಸರ ಮಾಡಬಾರದು" ಎಂದ ತನಿಯಪ್ಪ.

"ಹೇಳೋದು ಯಾರು ನೋಡು!" ಎಂದಳು ಪ್ರಭಾವತಿ. "ಬಾಣಂತಿಗೆ ಅರ್ಧ ಉಳಿಸಿ ಕೊಡಿ."

ಅವನು ಅಲ್ಲೇ ನೆಲದ ಮೇಲೆ ಕೂತು, ಅಮ್ಮನ ಹಾಗೆ ಬೊಗಸೆಯಲ್ಲಿ ಅಳೆಯತೊಡಗಿದ. ಮೊದಲ ಬೊಗಸೆ ಮುದುಕಿಯ ಚೀಲಕ್ಕೆ.